ಅಣಹಿಲ್ಲಪಾಟಣದ ವಾದಸಭೆ: ಅಲಂಕಾರವೂ ಹೇತ್ವಾಭಾಸವೂ

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಏಳೆಂಟು ಮಂದಿ ಅಹಮದಾಬಾದಿನಿಂದ ಪಾಟಣಕ್ಕೆ ಹೋಗಿದ್ದೆವು. ರಾಣಿಯ ವಾವನ್ನು ನೋಡಿಕೊಂಡು ಸಹಸ್ರಲಿಂಗ ಸರೋವರದ ಅವಶೇಷಗಳ ಬಳಿ ಬುತ್ತಿ ಬಿಚ್ಚಿ ಕುಳಿತಾಗ ಮಾತು ಸಹಜವಾಗಿಯೇ ಸಿದ್ಧರಾಜ ಜಯಸಿಂಹನ ಕಡೆಗೆ ತಿರುಗಿತು. ಅವನ ಸಭೆಯಲ್ಲಿ ಕರ್ಣಾಟದ ದಿಗಂಬರ ವಾದಿ ಕುಮುದಚಂದ್ರನು ಶ್ವೇತಾಂಬರ ಆಚಾರ್ಯ ದೇವಸೂರಿಗೆ ಸೋತನೆಂಬ ಪ್ರಸಂಗವನ್ನು ಯಾರೋ ಎತ್ತಿದರು. ಹಿರಿಯರೊಬ್ಬರು, "ಅವನು ನಮ್ಮ ನಾಡಿನವನು, ಪರಸ್ಥಳದಲ್ಲಿ ಅವನಿಗೆ ಅನ್ಯಾಯವಾಗಿರಲೇಬೇಕು" ಎಂದರು. ಬರೋಡೆಯಿಂದ ಬಂದು ಸೇರಿದ್ದ ತರುಣ ಅಧ್ಯಾಪಕರು, "ಅಷ್ಟು ದೊಡ್ಡ ವಿದ್ವತ್ಸಭೆ ತೀರ್ಪಿತ್ತ ಮೇಲೆ ಸೋತವನು ಸೋತಂತೆಯೇ ಅಲ್ಲವೆ, ರಾಯರೆ?" ಎಂದರು. ಊಟ ಮುಗಿಯುವವರೆಗೂ ಚರ್ಚೆ ನಡೆಯಿತು. ಹಿಂದಿರುಗುವಾಗ ನನಗೆ ಹೊಳೆದದ್ದಿಷ್ಟು: ಒಬ್ಬರು ವಾದಿಯ ಜನ್ಮಭೂಮಿಯಿಂದ ಅವನ ಪಕ್ಷದ ಸತ್ಯವನ್ನು ಊಹಿಸಿದರು, ಇನ್ನೊಬ್ಬರು ಸಭೆಯ ಹಿರಿಮೆಯಿಂದ ತೀರ್ಪಿನ ಸತ್ಯವನ್ನು ಊಹಿಸಿದರು. ಇಬ್ಬರ ಮಾತಿನಲ್ಲಿಯೂ ಹೇತುವಿನ ವೇಷವಿತ್ತೇ ಹೊರತು ಹೇತುವಿರಲಿಲ್ಲ. ನಮ್ಮ ತಾರ್ಕಿಕರು ಇದನ್ನೇ ಹೇತ್ವಾಭಾಸವೆಂದು ಕರೆದರು.

ಈ ಪ್ರಸಂಗವನ್ನು ಗೆಲವು ಸೋಲುಗಳ ಲೆಕ್ಕದಿಂದ ಬಿಡಿಸಿ, ವಾದದ ಕಥೆಯನ್ನು ಸಾಹಿತ್ಯವಾಗಿ ಓದಿದರೆ ಏನು ಕಾಣುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ. ಒಂದೇ ಉಕ್ತಿ ಕಾವ್ಯದಲ್ಲಿ ಅಲಂಕಾರವಾಗಿಯೂ ವಾದದಲ್ಲಿ ದೋಷವಾಗಿಯೂ ನಿಲ್ಲುವ ಬಗೆ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಅಪರೂಪವೆಂದು ನನ್ನ ಭಾವನೆ.

ಮೊದಲು ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕು. ವಾದ ನಡೆದದ್ದು ವಿಕ್ರಮ ಸಂವತ್ 1181ರಲ್ಲಿ, ಎಂದರೆ ಕ್ರಿ.ಶ. 1125ರ ಸುಮಾರಿಗೆ. ಪ್ರಬಂಧಗಳ ಪ್ರಕಾರ ವಿವಾದದ ಕಿಡಿ ಹೊತ್ತಿದ್ದು ಕರ್ಣಾವತಿಯಲ್ಲಿ, ಎಂದರೆ ಇಂದು ನಾವು ವಾಸವಾಗಿರುವ ಅಹಮದಾಬಾದಿನ ನೆಲದಲ್ಲಿಯೇ. ಮುಖ್ಯ ವಿವಾದಾಂಶಗಳು ಎರಡು: ಸ್ತ್ರೀಯರಿಗೆ ಸ್ತ್ರೀಜನ್ಮದಲ್ಲಿಯೇ ಮೋಕ್ಷ ಉಂಟೇ ಇಲ್ಲವೇ, ಕೇವಲಜ್ಞಾನ ಪಡೆದವನು ಆಹಾರ ಸ್ವೀಕರಿಸುತ್ತಾನೆಯೇ ಇಲ್ಲವೇ. ಎರಡಕ್ಕೂ ಶ್ವೇತಾಂಬರರು ಹೌದೆನ್ನುತ್ತಾರೆ, ದಿಗಂಬರರು ಇಲ್ಲವೆನ್ನುತ್ತಾರೆ. ಸೋತರೆ ಶ್ವೇತಾಂಬರರು ದಿಗಂಬರರಾಗಬೇಕು, ದಿಗಂಬರರು ಸೋತರೆ ದೇಶ ಬಿಡಬೇಕು ಎಂಬುದು ಪಣ. ಕುಮುದಚಂದ್ರ ಸೋತನು, ದೇವಸೂರಿಗೆ 'ವಾದಿ' ಎಂಬುದು ಹೆಸರಿನ ಭಾಗವೇ ಆಯಿತು.

ಇದನ್ನು ನಮಗೆ ಹೇಳುವವರು ಯಾರು? ಯಶಶ್ಚಂದ್ರನ 'ಮುದ್ರಿತಕುಮುದಚಂದ್ರ' ನಾಟಕ, 1277ರ ಸುಮಾರಿನ 'ಪ್ರಭಾವಕಚರಿತ', ಮೇರುತುಂಗನು ವಢವಾಣದಲ್ಲಿ 1305ರ ಸುಮಾರಿಗೆ ಮುಗಿಸಿದ 'ಪ್ರಬಂಧಚಿಂತಾಮಣಿ'. ಮೂರೂ ಗೆದ್ದ ಪಕ್ಷದವರ ಕೃತಿಗಳು. ಮೇರುತುಂಗನಂತೂ ಘಟನೆಯಾಗಿ ನೂರ ಎಂಬತ್ತು ವರ್ಷಗಳ ಅನಂತರ ಬರೆದವನು. ಇದನ್ನು ಕಂಡೊಡನೆ 'ಹಾಗಾದರೆ ಎಲ್ಲ ಸುಳ್ಳು' ಎಂದು ಹಾರುವುದೂ ಮತ್ತೊಂದು ಆಭಾಸವೇ. ಹೇಳಿದವನ ಪಕ್ಷಪಾತದಿಂದ ಹೇಳಿದ್ದು ಅಸತ್ಯವೆಂದು ಸಿದ್ಧವಾಗುವುದಿಲ್ಲ. ಪರೀಕ್ಷಿಸಬೇಕೆಂದು ಮಾತ್ರ ಸಿದ್ಧವಾಗುತ್ತದೆ. ನಮ್ಮ ಕಡೆಯ ದಾಖಲೆಗಳೂ ಈ ವಿಷಯದಲ್ಲಿ ಬೇರೆಯಲ್ಲ. ಪಾಟಣದ ವಾದವಾಗಿ ನಾಲ್ಕೈದು ವರ್ಷಗಳಲ್ಲಿಯೇ, 1129ರಲ್ಲಿ, ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕೆತ್ತಲಾದ ಮಲ್ಲಿಷೇಣಪ್ರಶಸ್ತಿಯನ್ನು ನೋಡಿರಿ. ಸಮಂತಭದ್ರನು ಊರೂರಿನಲ್ಲಿ ವಾದಭೇರಿಯನ್ನು ಹೊಡೆದದ್ದನ್ನೂ, ಅಕಲಂಕನು ಬೌದ್ಧರನ್ನು ಗೆದ್ದದ್ದನ್ನೂ ಅದು ವೀರಕಾವ್ಯದ ಧಾಟಿಯಲ್ಲಿ ಸಾರುತ್ತದೆ. ಸೋತವರ ಯುಕ್ತಿಯೊಂದೂ ಅಲ್ಲಿ ಉಳಿದಿಲ್ಲ. ವಾದಿಪ್ರಶಸ್ತಿ ಎಂಬುದು ಅಂದಿನ ಸಾಹಿತ್ಯದ ಒಂದು ಪ್ರಕಾರ. ಅದಕ್ಕೆ ಅದರದೇ ಕಟ್ಟುಪಾಡುಗಳಿದ್ದವು. ಅದನ್ನು ನ್ಯಾಯಾಲಯದ ನಡಾವಳಿಯೆಂದು ಓದುವುದು ಓದುಗರ ತಪ್ಪು.

ಮೇರುತುಂಗನ ಕಥೆಯೊಳಕ್ಕೆ ಹೋಗೋಣ. ವಾದಕ್ಕೆ ಮುನ್ನ ಸಭಾಸ್ಥಾನದಲ್ಲಿ ಹೇಮಚಂದ್ರನನ್ನು ಕಂಡು ವೃದ್ಧ ಕುಮುದಚಂದ್ರನು ಮಜ್ಜಿಗೆ ಕುಡಿದೆಯಾ ಎಂದು ಕೇಳುತ್ತಾನೆ. 'ಕುಡಿಯಲಾಯಿತು' ಎಂಬುದಕ್ಕೆ ಅವನು ಬಳಸುವ ಮಾತು 'ಪೀತ'. ಆ ಶಬ್ದಕ್ಕೆ ಹಳದಿ ಎಂಬ ಅರ್ಥವೂ ಉಂಟಷ್ಟೆ. ಹೇಮಚಂದ್ರ ತಟ್ಟನೆ, ಮುದಿತನದಿಂದ ನಿನಗೆ ಬುದ್ಧಿ ಚಂಚಲವಾಯಿತೇ, ಮಜ್ಜಿಗೆ ಬಿಳುಪು, ಹಳದಿಯಾಗಿರುವುದು ಅರಿಸಿನ ಎಂದು ಉತ್ತರಿಸುತ್ತಾನೆ. ಮುಂದೆ ಕುಮುದಚಂದ್ರ, ಈ ಶಿಶುವಿನೊಡನೆ ನಾನು ವೃದ್ಧನು ವಾದಿಸುವುದೆಂತು ಎಂದರೆ, ಉಡುದಾರವನ್ನೂ ಬಟ್ಟೆಯನ್ನೂ ಇನ್ನೂ ತೊಡದ ನೀನೇ ಶಿಶು, ನಾನೇ ಹಿರಿಯ ಎಂಬ ಮರುಮಾತು ಬರುತ್ತದೆ.

ಓದುವಾಗ ನಗು ಬಾರದಿರುವುದು ಕಷ್ಟ. ಆದರೆ ನಕ್ಕ ಮೇಲೆ ವಿಚಾರಿಸಬೇಕು. ನ್ಯಾಯಶಾಸ್ತ್ರದಲ್ಲಿ ಛಲವೆಂಬ ಪದಾರ್ಥವುಂಟು: ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಅದನ್ನು ಖಂಡಿಸುವುದು. ಅದರಲ್ಲಿ ಮೊದಲನೆಯದು ವಾಕ್ಛಲ. ವಾತ್ಸ್ಯಾಯನ ಭಾಷ್ಯದ ಪ್ರಸಿದ್ಧ ಉದಾಹರಣೆ 'ನವಕಂಬಲ'. ಹೊಸ ಕಂಬಳಿ ಹೊದ್ದವನೆಂದು ಒಬ್ಬ ಹೇಳಿದರೆ, ಇವನ ಮೈಮೇಲೆ ಒಂಬತ್ತು ಕಂಬಳಿಗಳೆಲ್ಲಿವೆ ಎಂದು ಇನ್ನೊಬ್ಬ ಕೇಳುತ್ತಾನೆ. ಮಜ್ಜಿಗೆಯ ಉತ್ತರ ಈ ಜಾತಿಯದೇ. ಶಿಶುವಿನ ಉತ್ತರದಲ್ಲಿ ಇನ್ನೂ ಒಂದು ಮೆಟ್ಟಿಲಿದೆ. ದಿಗಂಬರತ್ವ ಕುಮುದಚಂದ್ರನ ವ್ರತ; ಬಟ್ಟೆಯಿಲ್ಲದಿರುವುದು ಶಿಶುವಿನ ಲಕ್ಷಣವೂ ಹೌದು. ಒಂದು ಸಮಾನಧರ್ಮವನ್ನು ಹಿಡಿದು ವ್ರತಿಯನ್ನು ಶಿಶುವಾಗಿಸಿದ್ದಾಯಿತು. ಆಲಂಕಾರಿಕನಿಗೆ ಇದು ಸೊಗಸಾದ ಸಾದೃಶ್ಯಮೂಲ ಉಕ್ತಿ. ತಾರ್ಕಿಕನಿಗೆ ಅನೈಕಾಂತಿಕ ಹೇತು, ಬಟ್ಟೆಯಿಲ್ಲದವರೆಲ್ಲ ಶಿಶುಗಳಲ್ಲವಾದುದರಿಂದ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೇಮಚಂದ್ರನೇ ತನ್ನ 'ಪ್ರಮಾಣಮೀಮಾಂಸೆ'ಯಲ್ಲಿ ಛಲವನ್ನು ಸದುತ್ತರವೆಂದು ಒಪ್ಪುವುದಿಲ್ಲ. ಗೆಲ್ಲುವುದಕ್ಕಾಗಿ ಛಲಜಾತಿಗಳನ್ನು ಬಳಸಬಹುದೆಂಬ ನೈಯಾಯಿಕರ ಜಲ್ಪವನ್ನೂ, ಸ್ವಪಕ್ಷವಿಲ್ಲದ ವಿತಂಡೆಯನ್ನೂ ತಳ್ಳಿ ವಾದವೊಂದನ್ನೇ ಕಥೆಯೆಂದು ಉಳಿಸಿಕೊಳ್ಳುತ್ತಾನೆ. ಶಾಸ್ತ್ರದಲ್ಲಿ ಇಷ್ಟು ಬಿಗಿಯಾದವನ ಬಾಯಲ್ಲಿ ಕಥೆಗಾರ ಛಲವನ್ನೇ ಇಟ್ಟಿದ್ದಾನೆ. ಅಲ್ಲದೆ ಈ ಪ್ರಸಂಗದಲ್ಲಿ ಹೇಮಚಂದ್ರನು ಬಾಲ್ಯವನ್ನು ಇದೀಗ ದಾಟಿದವನಂತೆ ಚಿತ್ರಿತನಾಗಿದ್ದಾನೆ. ಸಂಪ್ರದಾಯ ಹೇಳುವಂತೆ ಅವನು 1089ರ ಸುಮಾರಿಗೆ ಹುಟ್ಟಿದವನಾದರೆ ವಾದದ ಕಾಲಕ್ಕೆ ಅವನಿಗೆ ಮೂವತ್ತೈದು ದಾಟಿತ್ತು. ಶಿಶುವಿನ ಚತುರೋಕ್ತಿಗಾಗಿ ವಯಸ್ಸನ್ನು ಇಳಿಸಿದ್ದಾರೆಂದು ಊಹಿಸುವುದು ತಪ್ಪಾಗಲಾರದು. ಇಷ್ಟರಿಂದ ಹೇಮಚಂದ್ರನಿಗೆ ಕುಂದಿಲ್ಲ. ಜನ ಮೆಚ್ಚುವ ಮಾತನ್ನು ಜನ ಮೆಚ್ಚಿದ ವ್ಯಕ್ತಿಗೆ ಅಂಟಿಸುವುದು ಎಲ್ಲ ನಾಡುಗಳ ಕಥನಧರ್ಮ. ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ನಾವು ಕೇಳಿದ ಕಥೆಗಳೆಷ್ಟಿಲ್ಲ!

ಹಾಗಾದರೆ ಶ್ಲೇಷಕ್ಕೂ ಛಲಕ್ಕೂ ಭೇದವೆಲ್ಲಿದೆ? ಶಬ್ದದಲ್ಲಿ ಇಲ್ಲ, ಕೇಳುವವರೊಡನೆ ಆಡುವವನು ಮಾಡಿಕೊಂಡ ಒಡಂಬಡಿಕೆಯಲ್ಲಿದೆ. ಕವಿಯ ಶ್ಲೇಷದಲ್ಲಿ ಎರಡರ್ಥಗಳೂ ಓದುಗರ ಕಣ್ಣೆದುರಿಗೆ ಇರುತ್ತವೆ, ಎರಡನ್ನೂ ಒಟ್ಟಿಗೆ ಸವಿಯಲೆಂದೇ ಅವನು ಕೊಟ್ಟಿರುತ್ತಾನೆ. ಛಲವಾದಿಯಾದರೋ ಒಂದರ್ಥವನ್ನು ಮರೆಸಿ ಇನ್ನೊಂದನ್ನು ಮುಂದುಮಾಡಿ ಅದರ ಮೇಲೆ ತೀರ್ಮಾನವನ್ನು ಕಟ್ಟುತ್ತಾನೆ. ಉಪಚಾರಚ್ಛಲವೂ ಹೀಗೆಯೇ. 'ಮಂಚಗಳು ಕೂಗುತ್ತಿವೆ' ಎಂದರೆ ಮಂಚದ ಮೇಲಿನವರು ಎಂದು ಎಲ್ಲರೂ ತಿಳಿಯುತ್ತಾರೆ. 'ಊರಿಗೆ ಊರೇ ಎದ್ದು ಬಂತು' ಎಂದು ನಾವೂ ಆಡುತ್ತೇವೆ. ಆಲಂಕಾರಿಕರು ಇದನ್ನು ಲಕ್ಷಣೆಯೆಂದು ಕರೆದು ಅದರ ಮೇಲೆ ಧ್ವನಿಯ ಸೌಧವನ್ನೇ ಎತ್ತಿದರು. ಮಂಚಕ್ಕೆ ಬಾಯೆಲ್ಲಿದೆ ಎಂದು ಕೇಳುವವನು ತಾರ್ಕಿಕನೂ ಅಲ್ಲ, ರಸಿಕನೂ ಅಲ್ಲ.

ಈ ಗಡಿಯ ವಿಚಾರ ನಮ್ಮ ಅಲಂಕಾರಶಾಸ್ತ್ರದಲ್ಲಿ ಬಹು ಹಿಂದೆಯೇ ಎದ್ದಿತ್ತು. ಭಾಮಹನು ಪ್ರತಿಜ್ಞೆ, ಹೇತು, ದೃಷ್ಟಾಂತಗಳ ಕೊರತೆಯನ್ನು ಕಾವ್ಯದೋಷಗಳಲ್ಲಿ ಸೇರಿಸಿ, ಅದರ ವಿವರಣೆಗೆ ತನ್ನ ಗ್ರಂಥದ ಐದನೆಯ ಪರಿಚ್ಛೇದವನ್ನು ಮೀಸಲಾಗಿಟ್ಟನು. ದಂಡಿಯು ಈ ಚರ್ಚೆ ಬಲು ಒರಟು, ಇದನ್ನು ನೆಕ್ಕಿ ಫಲವೇನು ಎಂದು ಬದಿಗೆ ಸರಿಸಿದನು. ದೇಶಕಾಲನ್ಯಾಯಾದಿಗಳಿಗೆ ವಿರುದ್ಧವಾದುದೂ ಕವಿಕೌಶಲದಿಂದ ದೋಷದ ಎಣಿಕೆಯನ್ನು ದಾಟಿ ಗುಣದ ಬೀದಿಗೆ ಇಳಿಯಬಹುದೆಂದೂ ಅವನೇ ಹೇಳಿದನು. ಒಂಬತ್ತನೆಯ ಶತಮಾನದ ನಮ್ಮ 'ಕವಿರಾಜಮಾರ್ಗ' ಬಹುಮಟ್ಟಿಗೆ ದಂಡಿಯ ದಾರಿಯನ್ನೇ ಹಿಡಿದು, ಅಲಂಕಾರಗಳಿಗಿಂತ ಮೊದಲು ದೋಷಾದೋಷಗಳ ವಿಚಾರವನ್ನು ಮಾಡುತ್ತದೆ. ನಾನು ದಂಡಿಯ ಪಕ್ಷದವನೇ. ಆದರೆ ಕಾವ್ಯ ತನ್ನ ಮನೆಯನ್ನು ಬಿಟ್ಟು ಸಭೆಗೆ ಬಂದು ಸಾಕ್ಷಿ ಹೇಳತೊಡಗಿದಾಗ ಭಾಮಹನನ್ನು ಕರೆಯಬೇಕಾಗುತ್ತದೆ.

ಅಂಥ ಸಾಕ್ಷಿ ಪಾಟಣದಲ್ಲಿ ನಡೆಯಿತು. ವಾದಾರಂಭದಲ್ಲಿ ಇಬ್ಬರೂ ರಾಜನಿಗೆ ಆಶೀರ್ವಾದ ಪದ್ಯಗಳನ್ನು ಹೇಳಿದರೆಂದು ಮೇರುತುಂಗ ಬರೆಯುತ್ತಾನೆ. ಕುಮುದಚಂದ್ರನ ಪದ್ಯ ಅತಿಶಯೋಕ್ತಿಯ ಸರಣಿ; ರಾಜನ ಯಶಸ್ಸಿನ ಮುಂದೆ ಸೂರ್ಯಚಂದ್ರಾದಿಗಳು ಒಂದೊಂದಾಗಿ ಕುಗ್ಗುತ್ತ ಹೋಗಿ, ಕೊನೆಗೆ ವರ್ಣಿಸಲಾಗದೆ ಮಾತುಗಳು ಮುದ್ರಿತವಾದುವು, ಎಂದರೆ ಮುಚ್ಚಿಕೊಂಡುವು, ಎಂದು ಮುಗಿಯುತ್ತದೆ. ಕೇಳಿದ ಸಭ್ಯರು ಇವನ ಮಾತು ಇವನೇ ಮುದ್ರಿಸಿಕೊಂಡ ಎಂದು ಸಂತೋಷಪಟ್ಟರಂತೆ. ಯಶಶ್ಚಂದ್ರನ ನಾಟಕದ ಹೆಸರಿನಲ್ಲಿರುವ 'ಮುದ್ರಿತ' ಇದನ್ನೇ ನೆನಪಿಸುತ್ತದೆ. ಕುಮುದ ಮುಚ್ಚಿಕೊಳ್ಳುವ ಹೂವೂ ಆದ್ದರಿಂದ ಹೆಸರಿನೊಳಗೇ ಮತ್ತೊಂದು ಶ್ಲೇಷ. ಅಶಕ್ಯವರ್ಣನೆಯನ್ನು ಹೇಳುವ ಅಲಂಕಾರದ ಮಾತನ್ನು ಅಕ್ಷರಾರ್ಥದಲ್ಲಿ ಹಿಡಿದು ಅಪಶಕುನ ಮಾಡಿದ್ದು ಛಲವೇ ಸರಿ.

ದೇವಸೂರಿಯ ಪದ್ಯ ಇದಕ್ಕಿಂತ ಗಹನವಾದದ್ದು. ಅದು ಚೌಲುಕ್ಯರಾಜನ ರಾಜ್ಯವನ್ನೂ ಜಿನಶಾಸನವನ್ನೂ ಒಂದೇ ವಿಶೇಷಣಗಳಿಂದ ಹೊಗಳುತ್ತದೆ. ನಾರಿಯರಿಗೆ 'ನಿರ್ವೃತಿ' ಕೊಡುವುದು: ರಾಜ್ಯದ ಪಕ್ಷದಲ್ಲಿ ನೆಮ್ಮದಿ, ಶಾಸನದ ಪಕ್ಷದಲ್ಲಿ ಮೋಕ್ಷ. 'ಶ್ವೇತಾಂಬರ'ದಿಂದ ಶೋಭಿಸುವುದು: ಅಲ್ಲಿ ಬಿಳಿಯ ವಸ್ತ್ರದಂಥ ಕೀರ್ತಿ, ಇಲ್ಲಿ ಶ್ವೇತಾಂಬರ ಮುನಿಗಳು. 'ನಯ'ದ ಹಾದಿಗಳಿಗೆ ಮನೆಯಾದದ್ದು: ಅಲ್ಲಿ ರಾಜನೀತಿ, ಇಲ್ಲಿ ತರ್ಕದೃಷ್ಟಿ. ಪದ್ಯವಾಗಿ ಇದು ಪ್ರಥಮ ದರ್ಜೆಯದು. ಆದರೆ ಇದು ಮಾಡಿದ ಕೆಲಸವನ್ನು ಗಮನಿಸಿರಿ. ಯಾವುದನ್ನು ಸಾಧಿಸಬೇಕಾಗಿತ್ತೋ ಆ ಸ್ತ್ರೀನಿರ್ವಾಣ ಮಂಗಳಾಚರಣೆಯಲ್ಲಿಯೇ ಸಿದ್ಧವಾಗಿ ಕುಳಿತಿದೆ. ಅದೂ ರಾಜನ ರಾಜ್ಯದ ಗುಣವಾಗಿ. ಅದನ್ನು ಅಲ್ಲಗಳೆಯುವವನು ಅರಸನ ನಾಡಿನಲ್ಲಿ ಹೆಂಗಸರಿಗೆ ನೆಮ್ಮದಿಯಿಲ್ಲವೆಂದಂತೆ! ಸಾಧ್ಯವನ್ನೇ ಹೇತುವಿನೊಳಗೆ ಅಡಗಿಸಿದರೆ ತಾರ್ಕಿಕರು ಅದನ್ನು ಸಾಧ್ಯಸಮವೆನ್ನುತ್ತಾರೆ. ಶ್ಲೇಷವು ಆ ದೋಷಕ್ಕೆ ಇಷ್ಟು ಮನೋಹರವಾದ ಹೊದಿಕೆಯಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ರಾಜಮಾತೆ ಮಯಣಲ್ಲದೇವಿ. ಗುಜರಾತಿಗಳ ಬಾಯಲ್ಲಿ ಮೀನಳದೇವಿಯಾಗಿ, ಕನ್ಹೈಯಾಲಾಲ್ ಮುನ್ಷಿಯವರ ಕಾದಂಬರಿಗಳಲ್ಲಿ ಪಾತ್ರವಾಗಿ, ಧೋಳಕೆಯ ಮಲಾವ ಕೆರೆಯ ಐತಿಹ್ಯದಲ್ಲಿ ನ್ಯಾಯನಿಷ್ಠೆಯ ಪ್ರತಿಮೆಯಾಗಿ ಆಕೆ ಇಂದಿಗೂ ಜೀವಂತಳು. ಮೇರುತುಂಗನು ಆಕೆಯನ್ನು ಕರ್ಣಾಟದ ಅರಸು ಜಯಕೇಶಿಯ ಮಗಳೆನ್ನುತ್ತಾನೆ; ಗೋವೆಯ ಕದಂಬರಲ್ಲಿ ಆ ಹೆಸರಿನವರಿದ್ದುದು ಶಾಸನಸಿದ್ಧ. ತೌರಿನ ಕಡೆಯ ಪಂಡಿತನೆಂಬ ಅಭಿಮಾನದಿಂದ ಆಕೆ ಮೊದಲು ಕುಮುದಚಂದ್ರನ ಜಯವನ್ನು ಬಯಸಿದಳಂತೆ. ಅವನು ಸ್ತ್ರೀಯರಿಗೆ ಮೋಕ್ಷವಿಲ್ಲವೆಂದು ಸಾಧಿಸುವವನು ಎಂಬುದನ್ನು ಹೇಮಚಂದ್ರನು ಆಕೆಗೆ ತಿಳಿಯುವಂತೆ ಮಾಡಿದನಂತೆ. ಆಕೆ ತನ್ನ ಒಲವನ್ನು ಹಿಂತೆಗೆದುಕೊಂಡಳು.

ಪರದೇಶದಲ್ಲಿ ಮೂವತ್ತು ವರ್ಷ ಕಳೆದ ನಮ್ಮಂಥವರಿಗೆ ಈ ಭಾಗ ಹೆಚ್ಚು ಹತ್ತಿರದ್ದು. 'ನಮ್ಮ ಕಡೆಯವನು' ಎಂಬುದು ಕೆಲಸ ಕೊಡಿಸಿದ್ದುಂಟು, ಬಾಡಿಗೆಗೆ ಮನೆ ಕೊಡಿಸಿದ್ದುಂಟು, ಸಂಘದ ಚುನಾವಣೆಯಲ್ಲಿ ಓಟು ಕೊಡಿಸಿದ್ದೂ ಉಂಟು. ಅದು ಸ್ನೇಹಕ್ಕೆ ಕಾರಣವಾಗಬಲ್ಲುದು, ಪ್ರಮಾಣವಾಗಲಾರದು. ಮಯಣಲ್ಲದೇವಿಯ ಮೊದಲ ಒಲವು ಈ ಬಗೆಯದು. ಎರಡನೆಯದೋ? ತನಗೆ ಲಾಭವಾಗುವ ಮತವೇ ಸತ್ಯವೆಂದರೆ ಅದೂ ಆಭಾಸವೇ ಎಂದು ಮಿತ್ರರೊಬ್ಬರು ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ಮೊದಲು ಆಕೆ ವಾದಿಯ ಊರನ್ನು ಮಾತ್ರ ಅರಿತಿದ್ದಳು. ಅನಂತರ ಅವನ ಪ್ರತಿಜ್ಞೆಯನ್ನು ಅರಿತಳು. ಊರಿನಿಂದ ಪ್ರತಿಜ್ಞೆಗೆ ಬಂದದ್ದು ತರ್ಕದ ಕಡೆಗೆ ಒಂದು ಹೆಜ್ಜೆಯೇ. ಸಭೆಯಲ್ಲಿ ಯಾರ ಮೋಕ್ಷ ಚರ್ಚೆಗೆ ಬಂದಿತ್ತೋ ಆ ವರ್ಗಕ್ಕೆ ಸೇರಿದವಳಾಗಿ ಕಥೆಯಲ್ಲಿ ಕಾಣುವವಳು ಆಕೆಯೊಬ್ಬಳೇ ಎಂಬುದನ್ನೂ ನೆನೆಯಬೇಕು. ಆಕ್ಷೇಪಿಸಬೇಕಾದದ್ದು ಬೇರೆ: ಆಕೆಯ ಒಲವು ತೀರ್ಪಿಗೆ ಸಂಬಂಧಿಸಿದ್ದೆಂದು ಎರಡೂ ಕಡೆಯವರು ಭಾವಿಸಿದ್ದು. ದೇವಸೂರಿಯೇ 'ಪ್ರಮಾಣನಯತತ್ತ್ವಾಲೋಕ'ದ ಕೊನೆಯ ಪರಿಚ್ಛೇದದಲ್ಲಿ ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳನ್ನು ಹೇಳಿ, ಸಭ್ಯರಿಗೂ ಸಭಾಪತಿಗೂ ಮಾಧ್ಯಸ್ಥ್ಯವನ್ನು ವಿಧಿಸುತ್ತಾನೆ. ತತ್ತ್ವವನ್ನು ನಿರ್ಣಯಿಸಬಯಸುವವನನ್ನೂ ಗೆಲ್ಲಬಯಸುವವನನ್ನೂ ಅಲ್ಲಿಯೇ ಬೇರೆಬೇರೆಯಾಗಿ ಗುರುತಿಸುತ್ತಾನೆ. ಪ್ರಬಂಧಕಾರರು ಉಳಿಸಿದ್ದು ಗೆಲ್ಲಬಯಸುವವರ ಕಥೆಯನ್ನು.

ಗ್ರೀಕರ ಅರಿಸ್ಟಾಟಲನು ಮನವೊಲಿಸುವ ಬಗೆಗಳನ್ನು ಮೂರಾಗಿ ಎಣಿಸಿದ್ದು ಪ್ರಸಿದ್ಧವಾಗಿದೆ: ಆಡುವವನ ಶೀಲದಿಂದ, ಕೇಳುವವರ ಭಾವವನ್ನು ಕದಲಿಸುವುದರಿಂದ, ಯುಕ್ತಿಯಿಂದ. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಇವು ಮೂರೂ ದಿನಚರಿ. ಸೂರತ್ತಿನಲ್ಲಿದ್ದಾಗ ಮಗ್ಗಗಳಿಗಾಗಿ ಸಾಲ ಕೇಳಿ ಬಂದವರೊಬ್ಬರು ತಂದೆಯ ಕಾಲದ ವ್ಯವಹಾರವನ್ನು ಮೊದಲು ಹೇಳಿದರು, ಮನೆಯ ಕಷ್ಟವನ್ನು ಅನಂತರ ಹೇಳಿದರು, ಲೆಕ್ಕದ ಪುಸ್ತಕವನ್ನು ಚೀಲದಿಂದ ಕಟ್ಟಕಡೆಗೆ ತೆಗೆದರು. ಲೆಕ್ಕ ಚೊಕ್ಕವಾಗಿಯೇ ಇತ್ತು! ಶೀಲವೂ ಭಾವವೂ ಬಂದವೆಂದ ಮಾತ್ರಕ್ಕೆ ಯುಕ್ತಿ ಇಲ್ಲವೆನ್ನಲಾಗದೆಂದು ಅಂದು ಕಲಿತೆ. ಪಾಟಣದ ಕಥೆಗೂ ಇದು ಸಲ್ಲುತ್ತದೆ. ಚೀಲದಲ್ಲಿ ಲೆಕ್ಕದ ಪುಸ್ತಕವಿತ್ತೇ ಎಂದು ನೋಡಬೇಕು.

ಇತ್ತು. ದೇವಸೂರಿಯು ಉತ್ತರಾಧ್ಯಯನಕ್ಕೆ ವಾದಿವೇತಾಲ ಶಾಂತಿಸೂರಿ ಬರೆದ ದೊಡ್ಡ ಟೀಕೆಯಲ್ಲಿನ ಎಂಬತ್ತನಾಲ್ಕು ವಿಕಲ್ಪಗಳನ್ನು ಆಧರಿಸಿದನೆಂದು ಕಥೆಯಲ್ಲಿ ಒಂದು ಮಾತಿನಲ್ಲಿ ಬಂದುಹೋಗುತ್ತದೆ. ಮಜ್ಜಿಗೆಗೆ ದೊರೆತ ಜಾಗ ಇದಕ್ಕೆ ದೊರೆತಿಲ್ಲ. ಈ ಸ್ತ್ರೀಮುಕ್ತಿವಾದದ ಹಳೆಯ ಸ್ವತಂತ್ರ ಗ್ರಂಥವಾದ 'ಸ್ತ್ರೀನಿರ್ವಾಣಪ್ರಕರಣ'ದ ಕರ್ತೃ ಶಾಕಟಾಯನ, ಎಂದರೆ ಪಾಲ್ಯಕೀರ್ತಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು, ಕರ್ಣಾಟದಲ್ಲಿ ಪ್ರಬಲವಾಗಿದ್ದ ಯಾಪನೀಯ ಸಂಘದವನು. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿದ್ದೂ ಸ್ತ್ರೀಮುಕ್ತಿಯನ್ನು ಒಪ್ಪಿದವರು. ಸ್ತ್ರೀ ಏಳನೆಯ ನರಕಕ್ಕೆ ಹೋಗಲಾರಳು, ಆದ್ದರಿಂದ ಮೋಕ್ಷಕ್ಕೂ ಹೋಗಲಾರಳು ಎಂಬುದು ವಿರೋಧಿಗಳ ಒಂದು ಯುಕ್ತಿ. ಅತ್ಯಂತ ಕೆಳಗೆ ಹೋಗುವ ಸಾಮರ್ಥ್ಯಕ್ಕೂ ಅತ್ಯಂತ ಮೇಲೆ ಹೋಗುವ ಸಾಮರ್ಥ್ಯಕ್ಕೂ ವ್ಯಾಪ್ತಿಯನ್ನು ತೋರಿಸಿರಿ ಎಂದು ಶಾಕಟಾಯನ ಕೇಳುತ್ತಾನೆ. ದಿಗಂಬರರ ಬಲವಾದ ಯುಕ್ತಿ ಇದಲ್ಲ. ವಸ್ತ್ರವೂ ಪರಿಗ್ರಹವೇ, ಸ್ತ್ರೀಗೆ ವಸ್ತ್ರತ್ಯಾಗವಿಲ್ಲ, ಪರಿಗ್ರಹವಿದ್ದಲ್ಲಿ ಪೂರ್ಣ ಸಂಯಮವಿಲ್ಲ ಎಂಬುದು. ಅವರ ಮೂಲಪ್ರತಿಜ್ಞೆಯನ್ನು ಒಪ್ಪಿದರೆ ಈ ಅನುಮಾನದಲ್ಲಿ ಕೊಂಡಿ ತಪ್ಪಿಲ್ಲ. ಶಾಕಟಾಯನ ಪ್ರಶ್ನಿಸುವುದು ಮೂಲಪ್ರತಿಜ್ಞೆಯನ್ನೇ: ಪಿಂಛದಂತೆ ವಸ್ತ್ರವೂ ಧರ್ಮಸಾಧನವೇಕಾಗಬಾರದು? ಇಲ್ಲಿ ಶ್ಲೇಷವಿಲ್ಲ, ಶಕುನವಿಲ್ಲ, ಯಾರ ತೌರೂ ಇಲ್ಲ.

ವಾದದ ಕೊನೆಯ ಘಟ್ಟದಲ್ಲಿ ಕುಮುದಚಂದ್ರನು 'ಕೋಟಾಕೋಟಿ' ಎಂಬ ಪ್ರಯೋಗವನ್ನು ಆಕ್ಷೇಪಿಸಿದನೆಂದೂ, ಕಾಕಲನೆಂಬ ವೈಯಾಕರಣನು ಕೋಟಾಕೋಟಿ, ಕೋಟಿಕೋಟಿ, ಕೋಟೀಕೋಟಿ ಮೂರೂ ಸಾಧುವೆಂದು ತೋರಿಸಿದನೆಂದೂ ಮೇರುತುಂಗ ಹೇಳುತ್ತಾನೆ. ಅರ್ಥದ ಮೇಲೆ ಉತ್ತರ ತೋರದಾಗ ಶಬ್ದದ ಮೇಲೆ ಹಾಯುವುದು ಹಳೆಯ ಚಾಳಿ. ಅದನ್ನು ಸೋತವನ ಬಾಯಲ್ಲಿ ಇಡುವುದೂ ಗೆದ್ದವರ ಹಳೆಯ ಚಾಳಿ. ಆದರೆ ಕಾಕಲನು ಆಧಾರವಾಗಿ ಕೊಟ್ಟದ್ದು ಶಾಕಟಾಯನ ವ್ಯಾಕರಣವನ್ನು. ಜೈನರಲ್ಲಿ ಆ ಹೆಸರಿನ ವ್ಯಾಕರಣವೆಂದರೆ ಪಾಲ್ಯಕೀರ್ತಿಯದು, ಅದರ ವೃತ್ತಿಗೆ ಅಮೋಘವರ್ಷನ ಹೆಸರಿನಿಂದಲೇ 'ಅಮೋಘವೃತ್ತಿ' ಎಂದು ಹೆಸರು. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಕಾಲದ ಕೃತಿಯೊಂದು ಪಾಟಣದಲ್ಲಿ ಕರ್ಣಾಟದವನ ವಿರುದ್ಧ ಸಾಕ್ಷಿ ನುಡಿಯಿತು. ಸಹಸ್ರಲಿಂಗದ ದಂಡೆಯಲ್ಲಿ ಇದನ್ನು ಹೇಳಲು ನನಗೆ ನೆನಪಾಗಲಿಲ್ಲ. ನೆನಪಾಗಿದ್ದರೆ, 'ನಮ್ಮವನು' ಎಂದ ಹಿರಿಯರನ್ನು ಯಾವ ನಮ್ಮವನು ಎಂದು ಕೇಳುತ್ತಿದ್ದೆ.

ಶಾಕಟಾಯನನ ಸ್ತ್ರೀನಿರ್ವಾಣ ಮತ್ತು ಕೇವಲಿಭುಕ್ತಿ ಪ್ರಕರಣಗಳನ್ನು ಮುನಿ ಜಂಬೂವಿಜಯರು ಸಂಪಾದಿಸಿದರು. 1974ರಲ್ಲಿ ಅವು ಭಾವನಗರದಿಂದ ಪ್ರಕಟವಾದುವು. ಪದ್ಮನಾಭ ಜೈನಿಯವರು ಎರಡೂ ಪಕ್ಷಗಳ ಮೂಲಗ್ರಂಥಗಳನ್ನು ಒಟ್ಟುಗೂಡಿಸಿ ಇಂಗ್ಲಿಷಿಗೆ ತಂದದ್ದು 1991ರಲ್ಲಿ. ಯಾಪನೀಯರ ಗ್ರಂಥವನ್ನು ಕಾಪಾಡಿ ಅಚ್ಚಿಗೆ ತಂದವರು ಗುಜರಾತಿನ ಶ್ವೇತಾಂಬರರು. ಮೊದಲ ಪ್ರಕರಣವನ್ನು ಅದರ ಸ್ವೋಪಜ್ಞ ವೃತ್ತಿಯೊಡನೆ, ದಿಗಂಬರಾಚಾರ್ಯ ಪ್ರಭಾಚಂದ್ರನ ಉತ್ತರವನ್ನು ಎದುರು ಪುಟದಲ್ಲಿಟ್ಟುಕೊಂಡು ಓದಲು ನಾವು ಮೂವರು ಈ ಬೇಸಗೆಯಿಂದ ಶನಿವಾರಗಳಂದು ಸೇರುತ್ತಿದ್ದೇವೆ. ಸದ್ಯಕ್ಕೆ ಏಳನೆಯ ನರಕದ ಯುಕ್ತಿಯಲ್ಲಿದ್ದೇವೆ.